ಜಾಣಕಿವುಡು

“ಕೈ ತೆಗೀರಿ ಅದರ ಮೇಲಿಂದ!”

ಬಾಗಿಲಲ್ಲಿ ನಿಂತಿದ್ದ ಕನ್ನಡಕದಣ್ಣನ ಹೆಂಡತಿ ಅಷ್ಟು ಗಟ್ಟಿಯಾಗಿ ಕೂಗಿದ್ದು ಈ ವಾರದಲ್ಲಿ ಅದೇ ಮೊದಲು. ಗಂಡನ ಹೆಣ ಎತ್ತುವಾಗಲೂ ಆಕೆ ದನಿ ಎತ್ತಿರಲಿಲ್ಲ.

ಇನ್‌ಸ್ಪೆಕ್ಟರ್ ಸ್ಪೀಕರ್ ಪೆಟ್ಟಿಗೆಯ ಮೇಲಿಂದ ಅಂಗೈ ಎತ್ತಿದಳು. ಮಂಡಿಯೂರಿ ಕೂತಿದ್ದವಳಿಗೆ ಏಳಲು ಮಂಡಿ ಒಪ್ಪಲಿಲ್ಲ. ಪಕ್ಕದ ಕುರ್ಚಿ ಹಿಡಿದುಕೊಂಡು ಎದ್ದಳು.

“ತಪ್ಪಾಯ್ತು. ಇಲ್ಲಿ ಪಾಲಿಶ್ ಹೋಗಿದೆಯಲ್ಲ, ಯಾಕೆ ಅಂತ ನೋಡ್ತಿದ್ದೆ.”

“ಹಳೇದು. ಹೋಗಿರುತ್ತೆ.”

ಹಳೆಯದೇನೋ ಹೌದು. ಆದರೆ ಉಳಿದ ಕಡೆಯೆಲ್ಲ ಮರ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಮೇಲ್ಭಾಗದಲ್ಲಿ, ಕುರ್ಚಿಯಲ್ಲಿ ಕೂತವರ ಬಲಗೈ ತಾಕುವ ಕಡೆ ಮಾತ್ರ, ಒಂದು ಅಂಗೈಯಷ್ಟು ಜಾಗ ಸವೆದು ಬಿಳಿಚಿಕೊಂಡಿತ್ತು.

ಕನ್ನಡಕದ ಅಂಗಡಿಯ ಮೇಲಿನ ಈ ಕೋಣೆಯಿಂದ ಹಿಂಬಾಗಿಲಿಗೆ ಇಳಿಯುವ ಮರದ ಮೆಟ್ಟಿಲುಗಳ ಬುಡದಲ್ಲಿ, ಹೋದ ಭಾನುವಾರ ಸಂಜೆ, ಕನ್ನಡಕದಣ್ಣ ಸತ್ತು ಬಿದ್ದಿದ್ದರು. ತಲೆಯ ಹಿಂದಿನ ಪೆಟ್ಟು ಉರುಳಿ ಆದದ್ದಲ್ಲ, ಯಾರೋ ಹೊಡೆದದ್ದು ಎಂದು ಡಾಕ್ಟರು ಬರೆದುಕೊಟ್ಟಿದ್ದರು. ಒಡಹುಟ್ಟಿದ ತಮ್ಮ ಲಾಕಪ್ಪಿನಲ್ಲಿದ್ದ.

ಲಿಫ್ಟ್ ರಿಪೇರಿ ಮಾಡುವ ಆ ತಮ್ಮ ಅದೇ ಸಂಜೆ ಹಿಂಬಾಗಿಲು ಬಡಿಯುತ್ತ, “ತೆಗೀತೀಯೋ ಇಲ್ವೋ? ಇವತ್ತು ಒಂದು ತೀರ್ಮಾನ ಆಗ್ಲೇಬೇಕು!” ಎಂದು ಗಲ್ಲಿಯೆಲ್ಲ ಕೇಳುವಂತೆ ಕಿರುಚಿದ್ದನ್ನು ಪಕ್ಕದ ಮನೆಯ ದರ್ಜಿ ಕೇಳಿಸಿಕೊಂಡಿದ್ದ. ಅಣ್ಣ ಬಾಗಿಲು ತೆಗೆಯಲಿಲ್ಲ, ನಾನು ವಾಪಸ್ ಹೋದೆ ಎಂದು ಎರಡು ದಿನ ಹೇಳಿದ ತಮ್ಮ, ಮೂರನೆಯ ದಿನ ಹೇಳುವುದನ್ನೂ ಬಿಟ್ಟ. ಈಗ ಅವನದು ಒಂದೇ ಮಾತು: “ನಾನೇ ಕೊಂದೆ ಅಂತ ಬರ್ಕೊಳ್ಳಿ. ನಾಳೆ ಜಡ್ಜ್ ಮುಂದೆ ಒಪ್ಕೊಳ್ತೀನಿ.”

ಬರೆದುಕೊಳ್ಳಲು ಇನ್‌ಸ್ಪೆಕ್ಟರಿಗೆ ಕೈ ಬಂದಿರಲಿಲ್ಲ. ತಪ್ಪು ಒಪ್ಪಿಕೊಳ್ಳುವವರ ಮುಖ ಅವಳಿಗೆ ಗೊತ್ತು. ಇವನದು ಆ ಮುಖವಲ್ಲ. ಬದುಕುವುದೇ ಬೇಡವೆಂದು ಕೂತವನ ಮುಖ.

“ಇಲ್ಲಿ ಗೋಡೆ ಹತ್ರ ಕಟ್ಟಿಟ್ಟಿದ್ದೀರಲ್ಲ, ಆ ರಟ್ಟಿನ ಡಬ್ಬಗಳಲ್ಲಿ ಏನಿದೆ?” ಎಂದಳು.

“ಅವೂ ಅವರ ಹಾಡಿನ ರೆಕಾರ್ಡುಗಳೇ. ಕತ್ತರಿ ತರ್ತೀನಿ, ನೀವೇ ಬಿಚ್ಚಿ ನೋಡಿ.”

ಆಕೆ ಇಳಿದು ಹೋದಳು. ಮೆಟ್ಟಿಲ ಮೇಲೆ ಸದ್ದೇ ಇಲ್ಲ, ಬೆಕ್ಕಿನ ನಡಿಗೆ.

*

ಅಂದು ಬೆಳಿಗ್ಗೆ ಇನ್‌ಸ್ಪೆಕ್ಟರ್ ಚಪ್ಪಲಿ ಅಂಗಡಿಯ ನೆಲಮಾಳಿಗೆಗೆ ಹೋಗಿ ಬಂದಿದ್ದಳು. ಅಲ್ಲಿ ಹಳೆಯ ಹಾಡಿನ ತಟ್ಟೆಗಳ, ಅಂದರೆ ರೆಕಾರ್ಡುಗಳ, ಅಂಗಡಿ. ಒಡತಿಯನ್ನು ಎಲ್ಲರೂ ಕರೆಯುವುದು ತಟ್ಟೆಯಜ್ಜಿ ಎಂದು. ಆ ಹೆಸರು ಕೇಳಿ ಊಟದ ತಟ್ಟೆ ಕೊಳ್ಳಲು ಬಂದವರಿಗೂ ಒಂದು ಹಾಡು ಕೇಳಿಸಿಯೇ ಕಳಿಸುವ ಹೆಂಗಸು.

ಕೊಲೆಯ ಸಂಜೆ ಕನ್ನಡಕದಣ್ಣನ ಹಾಡಿನ ಯಂತ್ರದ ಮೇಲಿದ್ದ ರೆಕಾರ್ಡನ್ನು ಮುಂದಿಟ್ಟಾಗ, ಅಜ್ಜಿ ಅದನ್ನು ಅಂಚಿನಲ್ಲಿ ಹಿಡಿದು ದೀಪಕ್ಕೆ ಓರೆ ಮಾಡಿ ನೋಡಿದಳು. ಕಣ್ಣು ತುಂಬಿಕೊಂಡವು.

“ನಾನೇ ಹುಡುಕಿ ಕೊಟ್ಟಿದ್ದು. ಯಾವುದೋ ರೇವುಪಟ್ಟಣದ ಹೋಟೆಲ್‌ನಲ್ಲಿ ಜನ ಊಟ ಮಾಡೋ ಹೊತ್ತಿಗೆ ನುಡಿಸ್ತಿದ್ದೋರು ಇವರು. ಕೊಳಲು, ಪಿಯಾನೊ, ಗಿಟಾರು, ಅಷ್ಟೇ. ಚಮಚದ ಸದ್ದಿನ ಮಧ್ಯೆ ಯಾರಿಗೂ ಕೇಳದ ಹಾಗೆ ಜಾಝ್ ನುಡಿಸಿ, ಇದೊಂದು ರೆಕಾರ್ಡ್ ಮಾಡಿ, ಆಮೇಲೆ ದಿಕ್ಕಾಪಾಲಾದ್ರು.”

“ಅವರಿಗೆ ಇಂಥವೇ ಇಷ್ಟವಾ?”

“ಇಂಥವೇ! ಹೆಸರಾದವರ ರೆಕಾರ್ಡ್ ತೋರಿಸಿದ್ರೆ ಮುಖ ತಿರುಗಿಸೋರು. ‘ಅವರಿಗೆ ಕೇಳೋರು ಬೇಕಾದಷ್ಟು ಜನ ಇದಾರಜ್ಜಿ. ಇವರಿಗೆ ನಾನೂ ಇಲ್ಲದೆ ಹೋದ್ರೆ ಯಾರು ದಿಕ್ಕು?’ ಅನ್ನೋರು. ಒಂದು ರೆಕಾರ್ಡಲ್ಲಿ ಟ್ರಂಪೆಟ್ ಊದೋನು ಮಧ್ಯದಲ್ಲಿ ಕೆಮ್ಮಿಬಿಡ್ತಾನೆ. ಇನ್ನೊಂದು ಸಲ ನುಡಿಸೋಕೆ ಸ್ಟುಡಿಯೋ ಸಿಗಲಿಲ್ಲ, ಹಾಗೇ ಬಿಟ್ಟಿದಾರೆ. ಆ ಕೆಮ್ಮು ಬಂದಾಗೆಲ್ಲ ನಿಮ್ಮ ಕನ್ನಡಕದಣ್ಣ, ‘ಪಾಪ, ನೀರು ಕುಡಿಯಪ್ಪಾ’ ಅನ್ನೋರು!”

ಅಜ್ಜಿ ನಕ್ಕು ಸೆರಗಿನಲ್ಲಿ ಮೂಗೊರೆಸಿಕೊಂಡಳು.

“ಇದನ್ನ ಬೇರೆ ಯಾರಾದ್ರೂ ಕೇಳಿದ್ರಾ?”

“ಹಲ್ಲಿನ ಡಾಕ್ಟರು ಇದಕ್ಕೆ ಜೀವ ಬಿಡ್ತಿದ್ರು. ಇಬ್ಬರೂ ಭಾನುವಾರ ಸೇರಿ ಕೇಳೋರಲ್ಲ. ಕೊಟ್ಟುಬಿಡು ಅಂತ ಗೋಗರೆದ್ರಂತೆ, ಇವರು ಜಪ್ಪಯ್ಯ ಅನ್ನಲಿಲ್ಲ. ನನಗೆ ಅರ್ಥ ಆಗದೆ ಇರೋದು ಅದೇ. ಎರಡು ವರ್ಷದಿಂದ ಇವರಿಗೆ ಇಂಥವು ಬೇಕೇ ಇರಲಿಲ್ಲ.”

“ಅಂದ್ರೆ?”

“ಇದ್ದಕ್ಕಿದ್ದ ಹಾಗೆ ರುಚಿ ತಿರುಗಿತು ಕಣಮ್ಮ. ಕೊಳಲು ಬೇಡ, ಪಿಯಾನೊ ಬೇಡ. ಲ್ಯಾಟಿನ್ ಜಾಝ್ ಇದ್ರೆ ಕೊಡಿ. ಅದರಲ್ಲೂ ಕಾಂಗಾ ಜೋರಾಗಿರಬೇಕು. ಕಾಂಗಾ ಗೊತ್ತಲ್ಲ? ಎತ್ತರದ ಡೋಲು, ಬರೀ ಕೈಯಲ್ಲಿ ಬಡಿಯೋದು. ಹಾಕಿ ತೋರಿಸಿದ್ರೆ ಈ ಮೇಜಿಗೆ ಎರಡೂ ಅಂಗೈ ಊರಿ, ಕಣ್ಣು ಮುಚ್ಚಿ ನಿಲ್ಲೋರು. ‘ಏನಪ್ಪಾ, ಹಿಡ್ಕೊಳ್ದೆ ಇದ್ರೆ ನನ್ನ ಮೇಜು ಓಡಿಹೋಗುತ್ತಾ?’ ಅಂತ ರೇಗಿಸ್ತಿದ್ದೆ. ಕಿವಿಗೇ ಹಾಕ್ಕೊಳ್ತಿರಲಿಲ್ಲ.”

*

ಕಿವಿಗೇ ಹಾಕ್ಕೊಳ್ತಿರಲಿಲ್ಲ.

ಕತ್ತರಿಗೆ ಕಾಯುತ್ತ ನಿಂತ ಇನ್‌ಸ್ಪೆಕ್ಟರಿಗೆ ಆ ಮಾತು ಎಲ್ಲೋ ಚುಚ್ಚಿತು. ದರ್ಜಿಯೂ ಇದನ್ನೇ ಅಂದಿದ್ದ: ಕಿಟಕಿಯಿಂದ ಮಾತಾಡಿಸಿದರೆ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ, ಇತ್ತೀಚೆಗೆ ಜಂಬ ಬಂದಿತ್ತು. ಹಲ್ಲಿನ ಡಾಕ್ಟರೂ ಇದನ್ನೇ: ನಾನು ಹೇಳಿದ್ದು ಯಾವುದೂ ಕಿವಿಗೆ ಬೀಳುತ್ತಿರಲಿಲ್ಲ, ಬರೀ ಡೋಲು ಹಾಕಿಕೊಂಡು ಕೂತಿರುತ್ತಿದ್ದ, ಬೇಜಾರಾಗಿ ಹೋಗುವುದು ಬಿಟ್ಟೆ. ಎಲ್ಲರ ಬಾಯಲ್ಲೂ ಒಂದೇ ಮಾತು. ಅದು ಸುಮ್ಮನೆ ಆಡುವ ಮಾತೆಂದು ಅವಳು ಬರೆದೂ ಕೊಂಡಿರಲಿಲ್ಲ.

ಆಂಪ್ಲಿಫೈಯರಿನ ಗುಂಡಿಗಳನ್ನು ನೋಡಿದಳು. ತಗ್ಗು ಸ್ವರದ ಗುಂಡಿ ತಿರುಗುವಷ್ಟೂ ತಿರುಗಿತ್ತು. ಏರು ಸ್ವರದ್ದು ಸೊನ್ನೆಯಲ್ಲಿತ್ತು. ಕುರ್ಚಿಗೆ ದಿಂಬಿರಲಿಲ್ಲ, ಬರೀ ಹಲಗೆ. ಅದರ ಒಂದು ಕಾಲು ಸ್ಪೀಕರ್ ಪೆಟ್ಟಿಗೆಗೆ ಒತ್ತಿಕೊಂಡಿತ್ತು.

ತನ್ನ ಕನ್ನಡಕ ತೆಗೆದು ಒರೆಸಿಕೊಂಡಳು. ಇದನ್ನೂ ಕನ್ನಡಕದಣ್ಣನೇ ಮಾಡಿಕೊಟ್ಟಿದ್ದು. ಪರೀಕ್ಷೆಯ ದಿನ ಅಕ್ಷರಗಳನ್ನು ಬಾಯಲ್ಲಿ ಓದಲು ಬಿಟ್ಟಿರಲಿಲ್ಲ. ಸ್ಲೇಟು ಕೊಟ್ಟು ಬರೆಯಲು ಹೇಳಿದ್ದರು. ಹೊಸ ಪದ್ಧತಿ ಎಂದು ಗಿರಾಕಿಗಳೆಲ್ಲ ಮೆಚ್ಚಿಕೊಂಡಿದ್ದರು. ಮಾತಾಡುವಾಗ ಆ ಮನುಷ್ಯ ನೋಡುತ್ತಿದ್ದದ್ದು ಅವಳ ಕಣ್ಣನ್ನಲ್ಲ, ತುಟಿಯನ್ನು. ಸಂಕೋಚದ ಸ್ವಭಾವ ಅಂದುಕೊಂಡಿದ್ದಳು.

ಆಗ ಹೊಸ್ತಿಲ ಹತ್ತಿರ ದಬ್ ದಬ್ ಎಂದಿತು. ನೆಲದ ಹಲಗೆ ಅದುರಿ ಅವಳ ಪಾದಕ್ಕೆ ತಾಕಿತು. ಕನ್ನಡಕದಣ್ಣನ ಹೆಂಡತಿ ಕತ್ತರಿ ಹಿಡಿದು ಒಳಗೆ ಬಂದಳು.

ಇನ್‌ಸ್ಪೆಕ್ಟರ್ ಕತ್ತರಿ ತೆಗೆದುಕೊಳ್ಳಲಿಲ್ಲ.

“ಮೆಟ್ಟಿಲ ಮೇಲೆ ನಿಮ್ಮ ಹೆಜ್ಜೆ ಕೇಳಿಸೋದೇ ಇಲ್ಲ. ಈ ಕೋಣೆ ಹೊಸ್ತಿಲಲ್ಲಿ ಮಾತ್ರ ಯಾಕೆ ಕಾಲು ಬಡೀತೀರಿ?”

“ಏನು?”

“ನಾನು ಬಂದಾಗಿನಿಂದ ನಾಲ್ಕು ಸಲ ಬಂದ್ರಿ. ನಾಲ್ಕು ಸಲವೂ ಬಡಿದ್ರಿ. ಯಾರಿಗೆ ಗೊತ್ತಾಗಲಿ ಅಂತ? ಈಗ ಇಲ್ಲಿ ಯಾರಿದಾರೆ?”

ಆಕೆ ತನ್ನ ಪಾದ ನೋಡಿಕೊಂಡಳು, ಅದು ಬೇರೆ ಯಾರದೋ ಎಂಬಂತೆ. ನಿಂತಲ್ಲೇ ಕುಸಿದು ಕೂತಳು. ಅತ್ತಿದ್ದು ಸದ್ದಿಲ್ಲದೆ, ಹೆಗಲು ಮಾತ್ರ ಕುಣಿಯುತ್ತಿತ್ತು.

“ಹಿಂದಿನಿಂದ ಬಂದು ಮುಟ್ಟಿದ್ರೆ ಬೆಚ್ಚಿಬೀಳ್ತಿದ್ರು. ಅದಕ್ಕೆ ಅಭ್ಯಾಸ ಆಗಿಬಿಟ್ಟಿದೆ.”

“ಯಾವಾಗಿಂದ ಕೇಳಿಸ್ತಿರಲಿಲ್ಲ?”

“ಸ್ವಲ್ಪ ಸ್ವಲ್ಪವಾಗಿ ಹೋಯ್ತು. ಮೊದಲು ಹಕ್ಕಿ ಕೂಗೋದು, ಆಮೇಲೆ ಕೊಳಲು, ಆಮೇಲೆ ನಾನು. ಎರಡು ವರ್ಷದಿಂದ ಪೂರ್ತಿ ಇಲ್ಲ. ಡಾಕ್ಟರುಗಳು ಕೈಚೆಲ್ಲಿಬಿಟ್ರು. ಕಿವಿಗೆ ಮಿಷನ್ ಹಾಕ್ಕೊಂಡ್ರೂ ಬರೀ ಗುಂಯ್ ಅನ್ನೋದಂತೆ.”

“ಯಾರಿಗೂ ಯಾಕೆ ಹೇಳಲಿಲ್ಲ?”

“ಹೇಳಕೂಡದು ಅಂತ ಆಣೆ ಹಾಕಿಸಿಕೊಂಡಿದ್ರು. ಕಿವಿ ಹೋಯ್ತು ಅಂತ ಗೊತ್ತಾದ್ರೆ ಎಲ್ಲರೂ ಬಂದು, ಇನ್ನು ಈ ರೆಕಾರ್ಡೆಲ್ಲ ಯಾಕೆ, ಮಾರಿಬಿಡು ಅಂತಾರೆ. ‘ಅದೊಂದು ಮಾತು ಕೇಳೋ ಶಕ್ತಿ ನನಗಿಲ್ಲ’ ಅನ್ನೋರು.” ಆಕೆ ಸವೆದ ಜಾಗವನ್ನು ನೋಡಿದಳು. “ಅಲ್ಲಿ ಕೈ ಇಟ್ಟುಕೊಂಡು ಕೂರೋರು. ಕಾಂಗಾ ಬಡಿದ್ರೆ ಕೈಗೆ ಸಿಗುತ್ತಂತೆ. ದೊಡ್ಡ ಬಾಸ್ ತಂತಿ ಬೆನ್ನಿಗೆ ಸಿಗುತ್ತಂತೆ. ಹೊಸ ರೆಕಾರ್ಡ್ ಬಂದ ದಿನ ನನ್ನ ಕೈಯನ್ನೂ ಹಿಡಿದು ಅಲ್ಲಿಡೋರು. ‘ಬಂತಾ? ನಿನಗೂ ಬಂತಾ?’ ಅಂತ ಮಗುವಿನ ಹಾಗೆ ಕೇಳೋರು.”

ಪೆಟ್ಟಿಗೆ ಮುಟ್ಟಿದ್ದಕ್ಕೆ ಆಕೆ ಯಾಕೆ ಕಿರುಚಿದಳೆಂದು ಈಗ ಇನ್‌ಸ್ಪೆಕ್ಟರಿಗೆ ಅರ್ಥವಾಯಿತು. ಆದರೂ ಕೇಳಲೇಬೇಕಿತ್ತು.

“ಆ ಸಂಜೆ ಯಂತ್ರದ ಮೇಲಿದ್ದದ್ದು ಕೊಳಲಿನ ರೆಕಾರ್ಡು. ಡೋಲಿಲ್ಲ, ಬಾಸ್ ಇಲ್ಲ. ಕೈಗೆ ಏನೂ ಸಿಗದ ಅದನ್ನ ಅವರು ಯಾಕೆ ಹಾಕ್ಕೊಂಡ್ರು?”

ಆಕೆ ತಡಮಾಡದೆ ಹೇಳಿದಳು: “ಒಮ್ಮೊಮ್ಮೆ ಹಾಕೋರು. ತಿರುಗೋದನ್ನ ನೋಡ್ತಾ ಕೂರೋರು. ಅದರ ಪ್ರತಿ ಸ್ವರವೂ ನೆನಪಿತ್ತು ಅವರಿಗೆ. ಕಿವಿ ಹೋಗಿದ್ರೂ ಅದು ಹೋಗಿರಲಿಲ್ಲ.”

ಇನ್‌ಸ್ಪೆಕ್ಟರಿಗೆ ಕಣ್ಣೆದುರು ಬಂತು ಆ ಚಿತ್ರ: ಕಿವಿ ಕೇಳದ ಮನುಷ್ಯ, ತಿರುಗುವ ಕರಿಯ ತಟ್ಟೆ, ಒಳಗೆ ಎಲ್ಲೋ ನಡೆಯುತ್ತಿರುವ ಕೊಳಲು. ಆ ಪ್ರಶ್ನೆಯನ್ನು ಅಲ್ಲಿಗೇ ಬಿಟ್ಟಳು.

“ಸರಿ. ಆದ್ರೆ ನಿಮ್ಮ ಮೈದುನ? ಅವನಿಗಾದ್ರೂ ಹೇಳಬಹುದಿತ್ತಲ್ಲ? ಅಣ್ಣನ ಜೊತೆ ಮಾತು ಬಿಟ್ಟು ಎರಡು ವರ್ಷದಿಂದ ಕುದೀತಿದಾನೆ.”

“ಆಣೆ ಹಾಕಿದ್ದೆ.”

“ಆಣೆ ಹಾಕಿಸಿಕೊಂಡವರು ಹೋದ್ರು. ಮೈದುನ ಲಾಕಪ್ಪಲ್ಲಿದಾನೆ. ನಾಳೆ ಮಾಡದ ಕೊಲೆ ಒಪ್ಕೊಳ್ಳೋಕೆ ಹೊರಟಿದಾನೆ. ಈ ವಾರವೆಲ್ಲ ನಾನು ಇಲ್ಲಿಗೆ ಬಂದು ಹೋದೆ. ಈಗಲೂ ಬಾಯಿ ಬಿಡಬಾರದಿತ್ತಾ, ಅಮ್ಮಾ?”

ಕನ್ನಡಕದಣ್ಣನ ಹೆಂಡತಿ ಕತ್ತರಿಯನ್ನು ತೊಡೆಯ ಮೇಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದಳು.

“ನಾನಾಗ ಅಕ್ಕನ ಮನೇಲಿದ್ದೆ. ಬಂದು ನೋಡೋ ಹೊತ್ತಿಗೆ ಎಲ್ಲ ಮುಗಿದಿತ್ತು. ಇನ್ನು ನನ್ನನ್ನ ಬಿಟ್ಟುಬಿಡಿ,” ಅಂದಳು.

*

ಲಾಕಪ್ಪಿನ ತಮ್ಮ ಗೋಡೆಗೆ ಮುಖ ಮಾಡಿ ಮಲಗಿದ್ದ. ಊಟದ ಪೊಟ್ಟಣ ಕಟ್ಟಿದಂತೆಯೇ ಇತ್ತು. ಗ್ರೀಸಿನ ಕಲೆ ಇನ್ನೂ ಹೋಗದ ಬೆರಳುಗಳು ತಲೆಯ ಕೆಳಗಿದ್ದವು. ಇನ್‌ಸ್ಪೆಕ್ಟರ್ ಬಾಗಿಲು ತೆಗೆಸಿ ಒಳಗೆ ಹೋಗಿ, ನೆಲದ ಮೇಲೆ ಅವನ ಪಕ್ಕದಲ್ಲೇ ಕೂತಳು. ಮಂಡಿ ಲಟಕ್ ಎಂದಿತು.

“ನಿನ್ನ ಅಣ್ಣನ ಜೊತೆ ಮಾತು ಬಿಟ್ಟಿದ್ದು ಯಾಕಪ್ಪಾ? ಇಷ್ಟು ದಿನ ಕೇಳಿದ್ರೂ ಹೇಳಲಿಲ್ಲ ನೀನು.”

ಅವನು ತಿರುಗದೆ ಗೋಡೆಗೇ ಹೇಳಿದ.

“ನಮ್ಮಮ್ಮ ಸಾಯೋ ದಿನ. ದನಿ ಸಣ್ಣಗಾಗಿಹೋಗಿತ್ತು, ಆದ್ರೂ ಕರೀತಿದ್ಲು. ‘ದೊಡ್ಡೋನೇ, ದೊಡ್ಡೋನೇ’ ಅಂತ. ಇವನು ಕಿಟಕಿ ಹತ್ರ ಬೆನ್ನು ಮಾಡಿ ನಿಂತಿದ್ದ, ಕನ್ನಡಕ ಒರೆಸ್ಕೊಂಡು. ತಿರುಗಿಯೂ ನೋಡಲಿಲ್ಲ. ಮತ್ತೆ ಕರೆದ್ಲು. ಊಹೂಂ. ‘ಹೋಗ್ಲಿ ಬಿಡು ಚಿಕ್ಕೋನೇ, ಏನೋ ಯೋಚ್ನೇಲಿದಾನೆ’ ಅಂದ್ಲು. ಅದೇ ಕೊನೆ ಮಾತು.” ಅವನ ದನಿ ಒಡೆಯಿತು. “ಆಮೇಲೆ ತಿರುಗಿದ. ಹೋಗಿದ್ಲು. ಜಾಣಕಿವುಡು ನನ್ನ ಮಗನೇ, ಹೆತ್ತ ತಾಯಿ ಕರೆದ್ರೂ ಜಾಣಕಿವುಡಾ ಅಂತ ಎಲ್ಲರೆದುರು ಕಪಾಳಕ್ಕೆ ಹೊಡೆದೆ. ಒಂದು ಮಾತಾಡಲಿಲ್ಲ. ಸುಮ್ನೆ ನನ್ನ ಬಾಯಿ ನೋಡ್ತಾ ನಿಂತಿದ್ದ.”

ಬಾಯಿ ನೋಡುತ್ತಾ.

ಅವಳು ಅವನ ಹೆಗಲ ಮೇಲೆ ಕೈ ಇಟ್ಟಳು. ಪೊಲೀಸ್ ಕೆಲಸದಲ್ಲಿ ಕೆಟ್ಟ ಸುದ್ದಿ ಹೇಳಿ ಹೇಳಿ ಅಭ್ಯಾಸವಾದವಳು. ಇದು ಒಳ್ಳೆಯ ಸುದ್ದಿಯೋ ಕೆಟ್ಟದ್ದೋ ಅವಳಿಗೇ ತಿಳಿಯಲಿಲ್ಲ.

“ಜಾಣಕಿವುಡಲ್ಲಪ್ಪಾ. ನಿಜವಾಗಲೂ ಕೇಳಿಸ್ತಿರಲಿಲ್ಲ ಅವರಿಗೆ. ನಿಮ್ಮಮ್ಮ ಕರೆದದ್ದು ಕೇಳಿಸಲಿಲ್ಲ. ಹೋದ ಭಾನುವಾರ ನೀನು ಬಾಗಿಲು ಬಡಿದದ್ದೂ ಕೇಳಿಸಿಲ್ಲ. ನಿಮ್ಮ ಅತ್ತಿಗೆಯೇ ಈಗ ಹೇಳಿದ್ರು.”

ಅವನು ನಿಧಾನವಾಗಿ ಈ ಕಡೆ ತಿರುಗಿದ. ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಎದ್ದು ಕೂತು, ಹೊಡೆದ ಆ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು, ಹೊಟ್ಟೆಯೊಳಗಿಂದ ಬಂದ ದನಿಯಲ್ಲಿ ಅಳತೊಡಗಿದ. ಹೊರಗಿನ ಕಾನ್‌ಸ್ಟೇಬಲ್ ಇಣುಕಿ ನೋಡಿ, ಇನ್‌ಸ್ಪೆಕ್ಟರ್ ತಲೆಯಾಡಿಸಿದ್ದು ಕಂಡು ಹಿಂದೆ ಸರಿದ.

“ಆ ದಿನ ಯಾಕೆ ಹೋಗಿದ್ದೆ?” ಎಂದಳು, ಅಳು ಇಳಿದ ಮೇಲೆ.

“ರಾಜಿ ಆಗೋಣ ಅಂತ. ನನ್ನ ಮಗಳಿಗೆ ಗಂಡು ನೋಡಿದೀವಿ. ದೊಡ್ಡಪ್ಪ ಇಲ್ದೆ ಮದುವೆ ಬೇಡ ಅಂತ ಹಟ ಹಿಡಿದಿದಾಳೆ. ಇವತ್ತು ಒಂದು ತೀರ್ಮಾನ ಆಗ್ಲೇಬೇಕು ಅಂದಿದ್ದು ಅದಕ್ಕೇ.” ಮೂಗು ಒರೆಸಿಕೊಂಡ. ಇದ್ದಕ್ಕಿದ್ದಂತೆ ಅವನ ಹುಬ್ಬು ಗಂಟಾಯಿತು. “ಇಲ್ಲ ಮೇಡಂ. ನೀವು ನನ್ನ ಸಮಾಧಾನಕ್ಕೆ ಹೇಳ್ತಿದೀರಿ. ಆ ದಿನ ಅವನಿಗೆ ಕೇಳಿಸಿತ್ತು.”

“ಹೇಗೆ ಹೇಳ್ತೀಯ?”

“ಮೇಲೆ ಮ್ಯೂಸಿಕ್ ಬರ್ತಿತ್ತು, ಕೊಳಲಿಂದು. ನಾನು ಬಾಗಿಲು ಬಡಿದು ‘ಅಣ್ಣಾ’ ಅಂದ ತಕ್ಷಣ ಟಕ್ ಅಂತ ನಿಂತುಹೋಯ್ತು. ಪಕ್ಕದಲ್ಲಿ ದರ್ಜಿ ಮಿಷನ್ ಓಡ್ತಿತ್ತು, ಅವನಿಗೆ ಗೊತ್ತಾಗಿರಲ್ಲ. ನನಗೆ ಗೊತ್ತಾಯ್ತು. ಕೂಗಿದೆ, ಕಿರುಚಿದೆ, ಉಸಿರಿಲ್ಲ. ಸುಸ್ತಾಗಿ ಗಲ್ಲಿಯ ತಿರುವಿನ ತನಕ ಹೋದೆ ನೋಡಿ, ಮತ್ತೆ ಶುರುವಾಯ್ತು. ನಾನು ಹೋಗ್ಲಿ ಅಂತ ಕಾಯ್ತಿದ್ದ ಹಾಗೆ. ಅಷ್ಟು ಬೇಡವಾಗಿದ್ದೆ ನಾನವನಿಗೆ. ಅದಕ್ಕೇ ಅಂದಿದ್ದು, ನಾನೇ ಕೊಂದೆ ಅಂತ ಬರ್ಕೊಳ್ಳಿ ಅಂತ. ಅವನ ಪಾಲಿಗೆ ನಾನು ಸತ್ತೇಹೋಗಿದ್ನಲ್ಲ.”

ಇನ್‌ಸ್ಪೆಕ್ಟರ್ ಅಲುಗಾಡಲಿಲ್ಲ.

ಕೂಗು ಕೇಳಿ ರೆಕಾರ್ಡಿನ ಮೇಲಿಂದ ಮುಳ್ಳೆತ್ತಿದವರು, ಗಲ್ಲಿಯಲ್ಲಿ ದೂರವಾಗುವ ಹೆಜ್ಜೆಗೆ ಕಿವಿಗೊಟ್ಟು ನಿಂತವರು, ಮತ್ತೆ ಮುಳ್ಳು ಇಳಿಸಿದವರು ಕನ್ನಡಕದಣ್ಣ ಆಗಿರಲು ಸಾಧ್ಯವಿಲ್ಲ. ಆ ಕೋಣೆಯಲ್ಲಿ ಕಿವಿ ಕೇಳುವವರೊಬ್ಬರು ಇದ್ದರು. ಹಾಗಾದರೆ ಆ ಹೊತ್ತಿಗೆ, ತಮ್ಮ ಬಡಿಯುತ್ತಿದ್ದ ಬಾಗಿಲಿನ ಆಚೆ ಬದಿಯಲ್ಲೇ, ಮೆಟ್ಟಿಲ ಬುಡದಲ್ಲಿ ಅಣ್ಣ...

ಅದನ್ನು ಇವನೆದುರು ಆಡಲು ಅವಳಿಗೆ ಬಾಯಿ ಬರಲಿಲ್ಲ.

“ಈ ವಿಷಯ ಮೊದಲ ದಿನವೇ ಯಾಕೆ ಹೇಳಲಿಲ್ಲ ನೀನು?” ಎಂದಳು, ದನಿ ಏರದಂತೆ ನೋಡಿಕೊಂಡು.

“ಹೇಳಬೇಕು ಅಂತಾನೇ ಇದ್ದೆ ಮೇಡಂ. ಮೊದಲು ಅತ್ತಿಗೆ ಹತ್ರ ಹೇಳ್ದೆ, ಇಲ್ಲಿಗೆ ಬಂದಿದ್ರಲ್ಲ. ಕೇಳಿ ಬಿಳಿಚಿಕೊಂಡ್ರು ಪಾಪ. ಕಂಬಿ ಹಿಡ್ಕೊಂಡು ನನ್ನ ಕಿವಿ ಹತ್ರ ಬಂದು ಅಂದ್ರು: ‘ಹಾಡು ನಿಂತ ವಿಷಯ ಪೊಲೀಸರ ಹತ್ರ ಮಾತ್ರ ಎತ್ತಬೇಡ ಕಣೋ. ನಿನಗೇ ಕೆಟ್ಟದಾಗುತ್ತೆ.’”